ಚೀಟಿ ಎತ್ತಿದ ಮೇಲೆ ಐದು ನಿಮಿಷ: ಅಮೆರಿಕದ ಮಕ್ಕಳ ಸಂವಿಧಾನ ಸ್ಪರ್ಧೆಗಳು

ಕಳೆದ ಸಲ ಅಮೆರಿಕದಲ್ಲಿರುವ ಮಗಳ ಮನೆಗೆ ಹೋದಾಗ ಚಳಿಗಾಲ. ಮೊಮ್ಮಗಳು ದಿನಾ ಸಂಜೆ ಊಟಕ್ಕೆ ಮೊದಲು ಗ್ಯಾರೇಜಿಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಿದ್ದಳು. ಎರಡು ದಿನ ಸುಮ್ಮನಿದ್ದೆ, ಮೂರನೇ ದಿನ ಶಾಲು ಹೊದ್ದುಕೊಂಡು ಹಿಂದೆಯೇ ಹೋದೆ. ಕಾರಿನ ಬಾನೆಟ್ಟಿನ ಮೇಲೆ ಫೋನಿಟ್ಟು ಸಮಯ ನೋಡಿಕೊಳ್ಳುತ್ತಾ, ಕೈಯಲ್ಲಿ ಒಂದು ತುಂಡು ಕಾಗದವೂ ಇಲ್ಲದೆ, ಗೋಡೆಗೆ ಒರಗಿಸಿದ್ದ ಸೈಕಲ್ಲುಗಳ ಎದುರು ನಿಂತು ಸಂವಿಧಾನದ ಬಗ್ಗೆ ಭಾಷಣ ಮಾಡುತ್ತಿದ್ದಳು. ಮುಗಿದ ಮೇಲೆ ಫೋನ್ ನೋಡಿ, "ಒಂಬತ್ತು ನಿಮಿಷ ನಲವತ್ತು ಸೆಕೆಂಡ್, ಅಜ್ಜಿ. ಹತ್ತು ದಾಟಿದ್ರೆ ಅಂಕ ಹೋಗ್ತದೆ" ಎಂದಳು.

ನಾನು ದಕ್ಷಿಣ ಕನ್ನಡದ ಹೈಸ್ಕೂಲುಗಳಲ್ಲಿ ಸಮಾಜ ವಿಜ್ಞಾನ ಕಲಿಸಿ ನಿವೃತ್ತಳಾದವಳು. ಮಕ್ಕಳನ್ನು ಭಾಷಣ ಸ್ಪರ್ಧೆಗೆ, ಪ್ರಬಂಧ ಸ್ಪರ್ಧೆಗೆ, ಪ್ರತಿಭಾ ಕಾರಂಜಿಗೆ ತಯಾರು ಮಾಡಿದ್ದಕ್ಕೆ ಲೆಕ್ಕವಿಲ್ಲ. ಸಂವಿಧಾನದ ಬಗ್ಗೆ ಮಾತಾಡಿ ಕಾಲೇಜಿನ ಫೀಸು ಗೆಲ್ಲುವ ಸ್ಪರ್ಧೆ ಇದೆ ಎಂದು ಕೇಳಿದ ಮೇಲೆ ಸುಮ್ಮನಿರಲಾಗಲಿಲ್ಲ. ಅವಳ ನಿಯಮ ಪುಸ್ತಕ ತೆಗೆದುಕೊಂಡು ಮೊದಲಿನಿಂದ ಕೊನೆಯವರೆಗೆ ಓದಿದೆ. ಆಮೇಲೆ ಇಂಥವೇ ಬೇರೆ ಸ್ಪರ್ಧೆಗಳನ್ನೂ ಹುಡುಕಿ ಓದಿದೆ. ಅಲ್ಲಿರುವ ಕನ್ನಡದ ಮನೆಗಳಿಗೂ ಇಲ್ಲಿರುವ ಮೇಷ್ಟ್ರುಗಳಿಗೂ ಉಪಯೋಗವಾಗಬಹುದು ಎಂದು ಬರೆಯುತ್ತಿದ್ದೇನೆ.

ಅವಳು ತಯಾರಾಗುತ್ತಿದ್ದದ್ದು ಅಮೆರಿಕನ್ ಲೀಜನ್ ನಡೆಸುವ ಭಾಷಣ ಸ್ಪರ್ಧೆಗೆ. ಮೊದಲನೇ ಮಹಾಯುದ್ಧದಲ್ಲಿ ಹೋರಾಡಿದ ಅಮೆರಿಕದ ಸೈನಿಕರು 1919ರಲ್ಲಿ ಪ್ಯಾರಿಸ್ಸಿನಲ್ಲಿ ಸೇರಿ ಕಟ್ಟಿದ ಸಂಘ ಅದು. ಮುಖ್ಯ ಕಚೇರಿ ಇಂಡಿಯಾನಾಪೊಲಿಸ್ ನಗರದಲ್ಲಿದೆ, ಊರೂರಲ್ಲಿ ಶಾಖೆಗಳಿವೆ. ಹೈಸ್ಕೂಲು ಮಕ್ಕಳಿಗಾಗಿ 1938ರಿಂದ ಈ ಸ್ಪರ್ಧೆ ನಡೆಸುತ್ತಾ ಬಂದಿದ್ದಾರೆ. ಊರಿನ ಶಾಖೆಯಲ್ಲಿ ಗೆದ್ದವರು ಜಿಲ್ಲೆಗೆ, ಅಲ್ಲಿಂದ ರಾಜ್ಯಕ್ಕೆ, ರಾಜ್ಯದಿಂದ ರಾಷ್ಟ್ರಮಟ್ಟಕ್ಕೆ ಹೋಗುತ್ತಾರೆ. ಕೊನೆಗೆ ಉಳಿಯುವವರು ಮೂರು ಮಂದಿ. ಇತ್ತೀಚಿನ ವರ್ಷಗಳಲ್ಲಿ ಅವರಿಗೆ ಕ್ರಮವಾಗಿ 25,000, 22,500 ಮತ್ತು 20,000 ಡಾಲರ್ ವಿದ್ಯಾರ್ಥಿವೇತನ ಸಿಗುತ್ತಿದೆ. ರಾಜ್ಯ ಗೆದ್ದು ರಾಷ್ಟ್ರಮಟ್ಟದ ವೇದಿಕೆ ಹತ್ತಿದವರೂ ಬರಿಗೈಲಿ ಬರುವುದಿಲ್ಲ.

ಸ್ಪರ್ಧೆಗೆ ಎರಡು ಭಾಗ. ಮೊದಲನೆಯದು ತಯಾರಿಸಿಕೊಂಡು ಬಂದ ಭಾಷಣ, ಎಂಟರಿಂದ ಹತ್ತು ನಿಮಿಷ. ಚೀಟಿ ಇಟ್ಟುಕೊಳ್ಳುವಂತಿಲ್ಲ, ಮೈಕಿಲ್ಲ, ಒರಗಿಕೊಳ್ಳಲು ಮೇಜಿಲ್ಲ. ಖಾಲಿ ವೇದಿಕೆಯಲ್ಲಿ ಹುಡುಗ ಅಥವಾ ಹುಡುಗಿ, ಎದುರಿಗೆ ತೀರ್ಪುಗಾರರು, ಅಷ್ಟೆ. ಇದಾದ ಮೇಲೆ ಎರಡನೆಯ ಭಾಗ ಬರುತ್ತದೆ, ನಮ್ಮ ಆಶುಭಾಷಣದ ಹಾಗೆ. ಸಂವಿಧಾನದ ಕೆಲವು ವಿಧಿ ಅಥವಾ ತಿದ್ದುಪಡಿಗಳನ್ನು ಆ ವರ್ಷದ ನಿಯಮಗಳಲ್ಲೇ ಮುಂಚಿತವಾಗಿ ಹೇಳಿರುತ್ತಾರೆ. ಅವುಗಳಲ್ಲಿ ಯಾವುದು ಎನ್ನುವುದು ಗೊತ್ತಾಗುವುದು ಸ್ಪರ್ಧೆಯ ದಿನ ಚೀಟಿ ಎತ್ತಿದಾಗ. ಯೋಚಿಸಲು ಸಿಗುವುದು ಸುಮಾರು ಐದು ನಿಮಿಷ, ಮಾತಾಡಬೇಕಾದದ್ದು ಮೂರರಿಂದ ಐದು ನಿಮಿಷ.

ನನ್ನ ಮಟ್ಟಿಗೆ ಇಡೀ ಸ್ಪರ್ಧೆಯ ಜೀವ ಈ ಎರಡನೇ ಭಾಗದಲ್ಲಿದೆ. ಮೊದಲನೆಯ ಭಾಷಣವನ್ನು ಅಪ್ಪ ಬರೆದುಕೊಡಬಹುದು, ಟೀಚರ್ ತಿದ್ದಬಹುದು, ಈಗಂತೂ ಕಂಪ್ಯೂಟರೇ ಬರೆದುಕೊಡುತ್ತದೆ. ಉರು ಹೊಡೆದು ಒಪ್ಪಿಸುವ ಮಕ್ಕಳನ್ನು ನಾನು ಸಾಕಷ್ಟು ನೋಡಿದ್ದೇನೆ, ಕೆಲವರಿಗೆ ನಾನೇ ಬರೆದುಕೊಟ್ಟಿದ್ದೇನೆ. ಚೀಟಿ ಎತ್ತಿದ ಮೇಲೆ ಯಾರೂ ಕೈಹಿಡಿಯುವುದಿಲ್ಲ. ವಿಷಯವನ್ನು ಅರಗಿಸಿಕೊಂಡವರು ಮಾತಾಡುತ್ತಾರೆ, ಬಾಯಿಪಾಠ ಮಾಡಿದವರು ತಡವರಿಸುತ್ತಾರೆ.

ತಯಾರಿಸಿದ ಭಾಷಣಕ್ಕೂ ಒಂದು ಷರತ್ತಿದೆ. ಸಂವಿಧಾನದ ಯಾವುದಾದರೂ ಒಂದು ಅಂಶ ಹಿಡಿದು ಮಾತಾಡಬೇಕು, ಆದರೆ ಸರ್ಕಾರದ ಕಡೆಗೆ ಪ್ರಜೆಯ ಕರ್ತವ್ಯವೇನು ಎನ್ನುವುದಕ್ಕೆ ಒತ್ತು ಕೊಡಬೇಕು. ಕೇಳಲು ಸುಲಭ, ಮಾಡಲು ಕಷ್ಟ. ಏಕೆಂದರೆ ಅಮೆರಿಕದ ಸಂವಿಧಾನದಲ್ಲಿ ಪ್ರಜೆಯ ಕರ್ತವ್ಯಗಳ ಪಟ್ಟಿಯೇ ಇಲ್ಲ. ನಮ್ಮಲ್ಲಾದರೆ 1976ರ 42ನೇ ತಿದ್ದುಪಡಿ 51ಎ ವಿಧಿಯನ್ನು ಸೇರಿಸಿ ಹತ್ತು ಮೂಲಭೂತ ಕರ್ತವ್ಯಗಳನ್ನು ಬರೆದಿಟ್ಟಿತು, 2002ರಲ್ಲಿ ಹನ್ನೊಂದನೆಯದು ಬಂತು. ಪಾಠ ಮಾಡುವಾಗ ಕಪ್ಪುಹಲಗೆಯ ಮೇಲೆ ಒಂದು ಎರಡು ಎಂದು ಬರೆದರೆ ಮುಗಿಯಿತು. ಅಲ್ಲಿನದು ಫಿಲಡೆಲ್ಫಿಯಾದಲ್ಲಿ 1787ರ ಸೆಪ್ಟೆಂಬರ್ 17ರಂದು 39 ಮಂದಿ ಸಹಿ ಹಾಕಿದ ನಾಲ್ಕೂವರೆ ಸಾವಿರ ಪದಗಳ ಪುಟ್ಟ ದಾಖಲೆ. ಏಳು ವಿಧಿ, ಆಮೇಲೆ ಸೇರಿದ 27 ತಿದ್ದುಪಡಿ. ಅದು ಕಟ್ಟಿಹಾಕುವುದು ಸರ್ಕಾರವನ್ನು. ಸಂಸತ್ತು ಏನು ಮಾಡಬಹುದು, ಅಧ್ಯಕ್ಷರು ಏನು ಮಾಡುವಂತಿಲ್ಲ, ಪೊಲೀಸರು ಯಾರ ಮನೆಗೆ ಯಾವಾಗ ನುಗ್ಗುವಂತಿಲ್ಲ ಎನ್ನುವುದೇ ಅದರ ಕಾಳಜಿ.

ಹಾಗಾದರೆ ಕರ್ತವ್ಯ ಎಲ್ಲಿಂದ ಬಂತು? ಅದನ್ನು ಮಗುವೇ ಹುಡುಕಿ ತೆಗೆಯಬೇಕು. ಆರನೇ ತಿದ್ದುಪಡಿ ಆರೋಪಿಗೆ ಜ್ಯೂರಿಯ, ಅಂದರೆ ತಪ್ಪು ಮಾಡಿದ್ದು ಹೌದೋ ಅಲ್ಲವೋ ಎಂದು ತೀರ್ಮಾನಿಸುವ ಗುಂಪಿನ, ಎದುರು ವಿಚಾರಣೆಯ ಹಕ್ಕು ಕೊಡುತ್ತದೆ. ಆ ಜ್ಯೂರಿಯಲ್ಲಿ ಕೂರುವವರು ಯಾರು? ಅಂಗಡಿಯವರು, ನರ್ಸು, ಬಸ್ ಡ್ರೈವರ್, ಅಂದರೆ ನಾನು ನೀವು. ಒಬ್ಬರ ಹಕ್ಕು ಉಳಿಯಬೇಕಾದರೆ ಹನ್ನೆರಡು ಮಂದಿ ತಮ್ಮ ಕೆಲಸ ಬಿಟ್ಟು ಬರಬೇಕು. ಕಪ್ಪು ಜನರಿಗೆ 1870ರ 15ನೇ ತಿದ್ದುಪಡಿ, ಹೆಂಗಸರಿಗೆ 1920ರ 19ನೇ ತಿದ್ದುಪಡಿ, ಹದಿನೆಂಟು ತುಂಬಿದವರಿಗೆ 1971ರ 26ನೇ ತಿದ್ದುಪಡಿ ಮತದಾನದ ಬಾಗಿಲು ತೆರೆದವು. ಬಾಗಿಲು ತೆರೆದಿದ್ದರೂ ಒಳಗೆ ಹೋಗದಿದ್ದರೆ? ನನ್ನ ಮೊಮ್ಮಗಳು ಜ್ಯೂರಿಯನ್ನೇ ಆರಿಸಿಕೊಂಡಿದ್ದಳು. ಅವಳ ಮೊದಲ ಕರಡಿನ ತುಂಬ "ನಾವು ನಮ್ಮ ಕರ್ತವ್ಯ ನಿಭಾಯಿಸಬೇಕು" ಎಂಬ ಮಾತುಗಳಿದ್ದವು. "ಯಾವ ಕರ್ತವ್ಯ? ಯಾರಿಗೆ? ಮಾಡದಿದ್ದರೆ ಯಾರಿಗೆ ನೋವು?" ಎಂದು ಕೇಳಿದೆ. ಮರುದಿನದ ಕರಡಿನಲ್ಲಿ, ಜ್ಯೂರಿಗೆ ಬನ್ನಿ ಎಂದು ಬಂದ ಕಾಗದವನ್ನು ಅಡುಗೆಮನೆಯ ಮೇಜಿನ ಮೇಲಿಟ್ಟು ಅವಳ ಅಮ್ಮ, ಅಂದರೆ ನನ್ನ ಮಗಳು, ರಜೆ ಸಿಗುತ್ತದೋ ಇಲ್ಲವೋ ಎಂದು ಚಿಂತೆ ಮಾಡಿದ ದಿನ ಬಂತು. ಅಲ್ಲಿಂದ ಭಾಷಣಕ್ಕೆ ಉಸಿರು ಬಂತು.

ಇಂಥ ಭಾಷಣದಿಂದ ಏನಾಗುತ್ತದೆ ಎಂದು ಕೇಳುವವರಿಗೆ ನಾನು ಫ್ರಾಂಕ್ ಚರ್ಚ್ ಎಂಬವರ ಕಥೆ ಹೇಳುತ್ತೇನೆ. ಐಡಹೋ ರಾಜ್ಯದ ಬೊಯ್ಸಿ ಎಂಬ ಊರಿನ ಹುಡುಗ. 1941ರಲ್ಲಿ, ಹದಿನಾರನೇ ವಯಸ್ಸಿಗೆ, ಇದೇ ಲೀಜನ್ ಸ್ಪರ್ಧೆಯನ್ನು ರಾಷ್ಟ್ರಮಟ್ಟದಲ್ಲಿ ಗೆದ್ದ. ಆ ಹಣ ಅವನನ್ನು ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯಕ್ಕೆ ಕರೆದೊಯ್ದಿತು. ಎರಡನೇ ಮಹಾಯುದ್ಧದಲ್ಲಿ ಸೇನೆ ಸೇರಿ ಚೀನಾ, ಬರ್ಮಾ, ಭಾರತ ರಂಗದಲ್ಲಿ ಗುಪ್ತಚರ ಅಧಿಕಾರಿಯಾಗಿದ್ದ. 1956ರ ಚುನಾವಣೆಯಲ್ಲಿ, ಇನ್ನೂ 32ರ ಪ್ರಾಯ, ಸಂಸತ್ತಿನ ಮೇಲ್ಮನೆಯಾದ ಸೆನೆಟಿಗೆ ಆರಿಸಿಬಂದ.

1975ರಲ್ಲಿ ಅದೇ ಚರ್ಚ್ ಅಧ್ಯಕ್ಷತೆಯ ಸೆನೆಟ್ ಸಮಿತಿ ಸಿಐಎ, ಎಫ್‌ಬಿಐ, ಎನ್‌ಎಸ್‌ಎ ಎಂಬ ಸರ್ಕಾರದ ಗುಪ್ತಚರ, ತನಿಖಾ ಸಂಸ್ಥೆಗಳ ಬಾಗಿಲು ತಟ್ಟಿತು. ದೇಶದೊಳಗಿನ ಜನರ ಕಾಗದಗಳನ್ನು ಕದ್ದು ಒಡೆದು ನೋಡಿದ್ದು, ವಿದೇಶಕ್ಕೆ ಹೋಗುವ ಬರುವ ಟೆಲಿಗ್ರಾಂಗಳ ಪ್ರತಿ ಪಡೆದದ್ದು, ಮಾರ್ಟಿನ್ ಲೂಥರ್ ಕಿಂಗ್ ಅವರ ಬೆನ್ನು ಬಿದ್ದದ್ದು, ಬೇರೆ ದೇಶದ ನಾಯಕರನ್ನು ಕೊಲ್ಲಲು ಹೊಂಚು ಹಾಕಿದ್ದು ಎಲ್ಲವೂ ಹೊರಗೆ ಬಂತು. ಕಾರಣವಿಲ್ಲದೆ ಜನರ ಮನೆ, ಕಾಗದಪತ್ರ ಶೋಧಿಸುವಂತಿಲ್ಲ ಎನ್ನುವ ನಾಲ್ಕನೇ ತಿದ್ದುಪಡಿಯನ್ನು ಸರ್ಕಾರವೇ ಮುರಿದಿತ್ತು. ಆ ವಿಚಾರಣೆಯ ಬೆನ್ನಿಗೆ, ಗುಪ್ತಚರ ಸಂಸ್ಥೆಗಳು ದೇಶದೊಳಗೆ ಕದ್ದು ಕೇಳಬೇಕಾದರೆ ವಿಶೇಷ ನ್ಯಾಯಾಲಯದ ಅಪ್ಪಣೆ ಬೇಕು ಎನ್ನುವ ಕಾನೂನು 1978ರಲ್ಲಿ ಬಂತು. ಹದಿನಾರರಲ್ಲಿ ಮಾಡಿದ ಭಾಷಣವೇ ಇದನ್ನೆಲ್ಲ ಮಾಡಿಸಿತು ಎಂದು ನಾನು ಹೇಳುವುದಿಲ್ಲ. ಆ ಪಠ್ಯದ ಪದಗಳು ಆ ಹುಡುಗನ ಕಿವಿಗೆ ಎಳವೆಯಲ್ಲೇ ಬಿದ್ದಿದ್ದವು, ಅಷ್ಟು ನಿಜ.

ಇದು ಸಂವಿಧಾನದ ಪಠ್ಯ ಹಿಡಿದು ನಡೆಯುವ ಸ್ಪರ್ಧೆ. ಇನ್ನೊಂದು ಬಗೆಯದು ಅಧ್ಯಕ್ಷರ ಹೆಸರಿನಲ್ಲಿ ನಡೆಯುತ್ತದೆ. ಅದನ್ನು ತಿಳಿಯಬೇಕಾದರೆ ಅಮೆರಿಕದ ಅಧ್ಯಕ್ಷರ ಗ್ರಂಥಾಲಯಗಳ ಬಗ್ಗೆ ಎರಡು ಮಾತು ಬೇಕು. ಗ್ರಂಥಾಲಯವೆಂದರೆ ಪುಸ್ತಕ ಎರವಲು ತರುವ ಜಾಗ ಅಲ್ಲ. ಒಬ್ಬ ಅಧ್ಯಕ್ಷರ ಕಡತ, ಪತ್ರ, ಫೋಟೋ, ಟೇಪುಗಳನ್ನೆಲ್ಲ ಒಂದೆಡೆ ಇಟ್ಟ ಪತ್ರಾಗಾರ, ಜೊತೆಗೊಂದು ವಸ್ತುಸಂಗ್ರಹಾಲಯ. ಫ್ರಾಂಕ್ಲಿನ್ ರೂಸ್‌ವೆಲ್ಟ್ 1939ರಲ್ಲಿ ಈ ಪದ್ಧತಿ ಶುರು ಮಾಡಿದರು, 1955ರಲ್ಲಿ ಅದಕ್ಕೊಂದು ಕಾನೂನಾಯಿತು. ಖಾಸಗಿ ದೇಣಿಗೆಯಿಂದ ಕಟ್ಟಡ ಏಳುತ್ತದೆ, ಕಾಗದಪತ್ರ ನೋಡಿಕೊಳ್ಳುವುದು ಸರ್ಕಾರದ ರಾಷ್ಟ್ರೀಯ ಪತ್ರಾಗಾರ. ಪಕ್ಕದಲ್ಲೇ ಆ ಅಧ್ಯಕ್ಷರ ಅಭಿಮಾನಿಗಳು, ಮನೆಯವರು ಸೇರಿದ ಒಂದು ಪ್ರತಿಷ್ಠಾನ ಇರುತ್ತದೆ. ಮಕ್ಕಳ ಪ್ರಬಂಧ, ಚರ್ಚೆ, ವಿದ್ಯಾರ್ಥಿವೇತನ ಎಲ್ಲ ಸಾಮಾನ್ಯವಾಗಿ ಈ ಪ್ರತಿಷ್ಠಾನಗಳ ಕೆಲಸ.

ಇಲ್ಲಿ ಒಂದು ಅಪಾಯ ಇದೆ, ನಮಗೂ ಅದು ಚೆನ್ನಾಗಿ ಗೊತ್ತು. ಗಾಂಧಿ ಜಯಂತಿಯ ಪ್ರಬಂಧಗಳನ್ನು ನೆನಪು ಮಾಡಿಕೊಳ್ಳಿ. ನೂರು ಪ್ರಬಂಧದಲ್ಲಿ ತೊಂಬತ್ತು "1869ರ ಅಕ್ಟೋಬರ್ 2ರಂದು ಪೋರಬಂದರಿನಲ್ಲಿ ಜನಿಸಿದರು" ಎಂದು ಶುರುವಾಗಿ "ಅವರ ಆದರ್ಶ ನಮಗೆ ದಾರಿದೀಪ" ಎಂದು ಮುಗಿಯುತ್ತಿದ್ದವು. ತಪ್ಪು ಮಕ್ಕಳದ್ದಲ್ಲ. ನಾವು ಕೇಳಿದ್ದೇ "ಗಾಂಧೀಜಿಯವರ ಜೀವನ ಮತ್ತು ಆದರ್ಶ" ಎಂದು. ಪ್ರಶ್ನೆಯಲ್ಲೇ ಹೊಗಳಿಕೆ ಕೂತಿದ್ದರೆ ಉತ್ತರದಲ್ಲಿ ವಿಚಾರ ಹೇಗೆ ಬಂದೀತು?

ಬಾಸ್ಟನ್ನಿನ ಜಾನ್ ಎಫ್. ಕೆನಡಿ ಗ್ರಂಥಾಲಯದ ಪ್ರತಿಷ್ಠಾನ ಹೈಸ್ಕೂಲು ಮಕ್ಕಳಿಗೆ ನಡೆಸುವ ಪ್ರಬಂಧ ಸ್ಪರ್ಧೆ ಈ ಗುಂಡಿಯನ್ನು ದಾಟಿದ ಬಗೆ ನನಗೆ ಬಹಳ ಹಿಡಿಸಿತು. ಕೆನಡಿ ಸೆನೆಟರ್ ಆಗಿದ್ದಾಗ 1956ರಲ್ಲಿ ಪ್ರಕಟವಾದ, ಮರುವರ್ಷ ಪುಲಿಟ್ಜರ್ ಪಡೆದ ಅವರ ಪುಸ್ತಕವೊಂದಿದೆ. ಜನ ಬಯ್ದರೂ, ಪಕ್ಷ ಮುನಿದರೂ ತಮಗೆ ಸರಿ ಕಂಡದ್ದನ್ನೇ ಮಾಡಿದ ಎಂಟು ಸೆನೆಟರುಗಳ ಕಥೆ ಅದರಲ್ಲಿದೆ. ಸ್ಪರ್ಧೆ ಕೆನಡಿಯ ಬಗ್ಗೆ ಬರೆಯಿರಿ ಎನ್ನುವುದಿಲ್ಲ. ಬರೆಯಬೇಡಿ ಎನ್ನುತ್ತದೆ. ಜಾನ್, ರಾಬರ್ಟ್, ಎಡ್ವರ್ಡ್ ಮೂವರು ಅಣ್ಣತಮ್ಮಂದಿರೂ ಬೇಡ, ಪುಸ್ತಕದ ಆ ಎಂಟು ಮಂದಿಯೂ ಬೇಡ. ಕೆನಡಿ ಹುಟ್ಟಿದ 1917 ಅಥವಾ ಅದರ ನಂತರ ಅಧಿಕಾರದಲ್ಲಿದ್ದ, ಜನರಿಂದ ಚುನಾಯಿತರಾದ ಯಾರನ್ನಾದರೂ ಆರಿಸಿಕೊಳ್ಳಿ, ಅವರು ತಮ್ಮ ಕುರ್ಚಿಯನ್ನು ಪಣಕ್ಕಿಟ್ಟು ಮಾಡಿದ ಒಂದು ಕೆಲಸವನ್ನು ತೂಗಿ ನೋಡಿ. 700ರಿಂದ 1000 ಪದ, ಕನಿಷ್ಠ ಐದು ಆಕರಗಳು. ಮೊದಲ ಬಹುಮಾನ 10,000 ಡಾಲರ್.

ಬಹುಮಾನಕ್ಕಿಂತ ಆ ಪ್ರಶ್ನೆ ದೊಡ್ಡದು ಎಂದು ನನಗನಿಸುತ್ತದೆ. ಅದು ಮಗುವನ್ನು ಆಯ್ಕೆ ಮಾಡಲು ದೂಡುತ್ತದೆ. ಏನನ್ನು ಧೈರ್ಯ ಎನ್ನುವುದು? ಹಟವೂ ಧೈರ್ಯದ ಹಾಗೆ ಕಾಣುತ್ತದಲ್ಲ? ಆ ಮನುಷ್ಯ ನಿಜಕ್ಕೂ ಏನು ಕಳೆದುಕೊಂಡ?

ಮಗಳ ಮನೆಯ ಹತ್ತಿರದ ಇನ್ನೊಂದು ಕನ್ನಡ ಮನೆಯ ಹುಡುಗ ರಾಲ್ಫ್ ಕಾರ್ ಎಂಬವರನ್ನು ಆರಿಸಿಕೊಂಡಿದ್ದ. ನನಗೆ ಆ ಹೆಸರೇ ಗೊತ್ತಿರಲಿಲ್ಲ. ಊಟದ ಮೇಜಿನ ಮೇಲೆ ಕಾಗದ ಹರಡಿಕೊಂಡು ಅವನೇ ನನಗೆ ಪಾಠ ಮಾಡಿದ. 1941ರ ಡಿಸೆಂಬರಿನಲ್ಲಿ ಜಪಾನ್ ಪರ್ಲ್ ಹಾರ್ಬರ್ ಮೇಲೆ ಬಾಂಬು ಹಾಕಿತು. 1942ರ ಫೆಬ್ರವರಿ 19ರಂದು ಅಧ್ಯಕ್ಷ ರೂಸ್‌ವೆಲ್ಟ್ 9066ನೇ ಸಂಖ್ಯೆಯ ಆದೇಶಕ್ಕೆ ಸಹಿ ಹಾಕಿದರು. ಪಶ್ಚಿಮ ಕರಾವಳಿಯಲ್ಲಿದ್ದ ಸುಮಾರು 1,20,000 ಜಪಾನಿ ಮೂಲದವರನ್ನು ಮನೆ, ಅಂಗಡಿ, ಹೊಲ ಬಿಡಿಸಿ ಮುಳ್ಳುತಂತಿಯ ಶಿಬಿರಗಳಿಗೆ ಕಳಿಸಲಾಯಿತು. ಅವರಲ್ಲಿ ಹೆಚ್ಚಿನವರು ಅಲ್ಲೇ ಹುಟ್ಟಿದ ಅಮೆರಿಕದ ಪ್ರಜೆಗಳು. ಯಾರ ಮೇಲೂ ಆರೋಪವಿಲ್ಲ, ವಿಚಾರಣೆಯಿಲ್ಲ. ಸುತ್ತಲಿನ ರಾಜ್ಯಗಳ ಗವರ್ನರುಗಳು ಅವರನ್ನು ನಮ್ಮಲ್ಲಿಗೆ ಕಳಿಸಬೇಡಿ ಎಂದು ಕೂಗಾಡುತ್ತಿದ್ದಾಗ ಕೊಲರಾಡೋದ ಗವರ್ನರ್ ಕಾರ್, ಇವರೂ ನಮ್ಮ ಪ್ರಜೆಗಳೇ, ಸಂವಿಧಾನ ಇವರಿಗೂ ಸೇರಿದ್ದು, ಇವರಿಗೆ ತೊಂದರೆ ಕೊಡುವವರು ಮೊದಲು ನನಗೆ ಕೊಡಲಿ ಎಂಬರ್ಥದಲ್ಲಿ ಊರೂರಲ್ಲಿ ಹೇಳುತ್ತಾ ಬಂದರು. ಅದೇ ವರ್ಷ ಸೆನೆಟ್ ಚುನಾವಣೆಗೆ ನಿಂತು ಸೋತರು. ಡೆನ್ವರಿನ ಸಕುರಾ ಸ್ಕ್ವೇರಿನಲ್ಲಿ ಇವತ್ತು ಅವರ ಪ್ರತಿಮೆ ಇದೆ.

"ಹಾಗಾದ್ರೆ ರೂಸ್‌ವೆಲ್ಟ್ ಕೆಟ್ಟವರಾ, ಅಜ್ಜಿ?" ಎಂದು ಹುಡುಗ ಕೇಳಿದ. ಅಧ್ಯಕ್ಷರು ಬಿಟ್ಟುಹೋದದ್ದನ್ನು ಅಳೆಯುವುದು ಎಂದರೆ ಇದೇ ಪ್ರಶ್ನೆಯ ಎದುರು ಕೂರುವುದು. ಅದೇ ರೂಸ್‌ವೆಲ್ಟ್ 1935ರಲ್ಲಿ ಸಾಮಾಜಿಕ ಭದ್ರತೆಯ ಕಾನೂನು ತಂದವರು. ಇವತ್ತಿಗೂ ಅಲ್ಲಿನ ಮುದುಕರು ತಿಂಗಳ ಪಿಂಚಣಿ ಪಡೆಯುವುದು ಅದರಿಂದ. ಅದೇ ಕೈ 9066ಕ್ಕೂ ಸಹಿ ಹಾಕಿತು. ಸುಪ್ರೀಂ ಕೋರ್ಟು ಕೂಡ 1944ರಲ್ಲಿ, ಈ ಆದೇಶಕ್ಕೆ ಮಣಿಯದ ಕೊರೆಮಾಟ್ಸು ಎಂಬವರ ಮೊಕದ್ದಮೆಯಲ್ಲಿ, ಸರ್ಕಾರದ ಪರವೇ ನಿಂತಿತು. 1988ರಲ್ಲಿ, ಅಂದರೆ 46 ವರ್ಷದ ನಂತರ, ಅಧ್ಯಕ್ಷ ರೇಗನ್ ಸಹಿ ಹಾಕಿದ ಕಾನೂನಿನ ಮೂಲಕ ದೇಶ ಕ್ಷಮೆ ಕೇಳಿತು, ಬದುಕಿದ್ದವರಿಗೆ ತಲಾ 20,000 ಡಾಲರ್ ಪರಿಹಾರ ಕೊಟ್ಟಿತು. ಒಬ್ಬ ಗವರ್ನರನ ಬಗ್ಗೆ ಬರೆಯಲು ಕೂತ ಹುಡುಗ ಮೂವರು ನಾಯಕರನ್ನೂ ಒಂದು ನ್ಯಾಯಾಲಯವನ್ನೂ ತೂಗಬೇಕಾಯಿತು. ಹತ್ತನೇ ಕ್ಲಾಸಿನ ಮಗುವಿಗೆ ಇದಕ್ಕಿಂತ ಒಳ್ಳೆಯ ಪೌರನೀತಿ ಪಾಠವನ್ನು ನಾನು ಯಾವತ್ತೂ ಮಾಡಲಿಲ್ಲ.

ಇದೇ ಪ್ರತಿಷ್ಠಾನ ದೊಡ್ಡವರಿಗೂ ಧೈರ್ಯದ ಪ್ರಶಸ್ತಿ ಕೊಡುತ್ತದೆ. 2001ರಲ್ಲಿ ಅದು ಜೆರಾಲ್ಡ್ ಫೋರ್ಡ್ ಅವರಿಗೆ ಸಂದಿತು. ವಿರೋಧ ಪಕ್ಷದ ಕಚೇರಿಗೆ ಕಳ್ಳತನದಿಂದ ನುಗ್ಗಿದ್ದನ್ನು ಮುಚ್ಚಿಹಾಕಲು ನೋಡಿದ ವಾಟರ್‌ಗೇಟ್ ಹಗರಣದಿಂದ ಅಧ್ಯಕ್ಷ ನಿಕ್ಸನ್ ರಾಜೀನಾಮೆ ಕೊಟ್ಟ ಮೇಲೆ 1974ರ ಆಗಸ್ಟ್ 9ರಂದು ಅಧ್ಯಕ್ಷರಾದ ಫೋರ್ಡ್, ಒಂದೇ ತಿಂಗಳಲ್ಲಿ, ಸೆಪ್ಟೆಂಬರ್ 8ರಂದು, ನಿಕ್ಸನ್ನರಿಗೆ ಪೂರ್ಣ ಕ್ಷಮಾದಾನ ಕೊಟ್ಟರು. ಸಂವಿಧಾನದ ಎರಡನೇ ವಿಧಿ ಅಧ್ಯಕ್ಷರಿಗೆ ಆ ಅಧಿಕಾರ ಕೊಟ್ಟಿದೆ, ಮಹಾಭಿಯೋಗದ, ಅಂದರೆ ಹುದ್ದೆಯಿಂದ ಕೆಳಗಿಳಿಸಲು ಸಂಸತ್ತು ನಡೆಸುವ ವಿಚಾರಣೆಯ, ಪ್ರಕರಣ ಒಂದನ್ನು ಬಿಟ್ಟು. ಜನ ಸಿಡಿದೆದ್ದರು. ಫೋರ್ಡರ ಪತ್ರಿಕಾ ಕಾರ್ಯದರ್ಶಿಯೇ ಕೆಲಸ ಬಿಟ್ಟು ಹೋದರು. 1976ರ ಚುನಾವಣೆಯಲ್ಲಿ ಫೋರ್ಡ್ ಸೋತರು. ಆಗ ಕ್ಷಮಾದಾನವನ್ನು ವಿರೋಧಿಸಿದ್ದ ಸೆನೆಟರ್ ಎಡ್ವರ್ಡ್ ಕೆನಡಿ 27 ವರ್ಷದ ಮೇಲೆ ಪ್ರಶಸ್ತಿ ಸಮಾರಂಭದಲ್ಲಿ ನಿಂತು, ಅಂದು ನಾನು ತಪ್ಪು ತಿಳಿದಿದ್ದೆ, ಫೋರ್ಡ್ ಸರಿ ಇದ್ದರು ಎಂದು ಒಪ್ಪಿಕೊಂಡರು. ಇವತ್ತಿಗೂ ಒಪ್ಪದವರು ಇದ್ದಾರೆ, ಅಧ್ಯಕ್ಷರಿಗೊಂದು ಕಾನೂನು ಪ್ರಜೆಗೊಂದು ಕಾನೂನಾ ಎಂದು ಕೇಳುವವರು. ಅವರ ಪ್ರಶ್ನೆಯಲ್ಲೂ ಹುರುಳಿದೆ.

ಮೆಚ್ಚಿಕೊಂಡ ಕಥೆಯೂ ಅಳ್ಳಾಡಬಹುದು. ಕೆನಡಿಯ ಪುಸ್ತಕದ ಎಂಟು ಮಂದಿಯಲ್ಲಿ ಎಡ್ಮಂಡ್ ರಾಸ್ ಒಬ್ಬರು. 1868ರಲ್ಲಿ ಅಧ್ಯಕ್ಷ ಆಂಡ್ರ್ಯೂ ಜಾನ್ಸನ್ನರನ್ನು ಕೆಳಗಿಳಿಸಲು ಸೆನೆಟಿನಲ್ಲಿ 36 ಮತ ಬೇಕಿತ್ತು, ಬಂದದ್ದು 35. ತಮ್ಮ ಪಕ್ಷದ ವಿರುದ್ಧ ಮತ ಹಾಕಿ ಜಾನ್ಸನ್ನರನ್ನು ಉಳಿಸಿದವರಲ್ಲಿ ರಾಸ್ ಇದ್ದರು. ಪುಸ್ತಕ ಅದನ್ನು ದೊಡ್ಡ ತ್ಯಾಗ ಎಂದಿತು. ಆಮೇಲಿನ ಇತಿಹಾಸಕಾರರು, ಆ ಮತದ ಬೆನ್ನಿಗೇ ರಾಸ್ ತಮ್ಮವರಿಗೆ ಹುದ್ದೆ ಕೊಡಿ ಎಂದು ಜಾನ್ಸನ್ನರನ್ನು ಕೇಳಿದ್ದನ್ನು ತೋರಿಸಿದ್ದಾರೆ. ಉಳಿದುಕೊಂಡ ಜಾನ್ಸನ್, ಗುಲಾಮಗಿರಿಯಿಂದ ಬಿಡುಗಡೆಯಾದವರ ಹಕ್ಕುಗಳಿಗೆ ಅಡ್ಡಗಾಲು ಹಾಕಿದವರು. ಒಂದೇ ಆಕರ ನಂಬಬೇಡಿ, ಐದು ನೋಡಿ ಎನ್ನುವ ನಿಯಮದ ಬೆಲೆ ನನಗೆ ಇಲ್ಲಿ ತಿಳಿಯಿತು.

ಇನ್ನೊಬ್ಬ ಅಧ್ಯಕ್ಷ ಕ್ಯಾಲ್ವಿನ್ ಕೂಲಿಜ್ ಹೆಸರಿನ ಪ್ರತಿಷ್ಠಾನದ್ದು ಬೇರೆ ರೀತಿ. 2016ರಿಂದ ಅದು ಕೊಡುತ್ತಿರುವ ವಿದ್ಯಾರ್ಥಿವೇತನ ನಾಲ್ಕು ವರ್ಷದ ಕಾಲೇಜಿನ ಪೂರ್ತಿ ಖರ್ಚು ಹೊರುತ್ತದೆ, ಅರ್ಜಿಗೆ ಶುಲ್ಕವಿಲ್ಲ. ಹೈಸ್ಕೂಲು ಮುಗಿಯಲು ಒಂದು ವರ್ಷ ಇರುವಾಗಲೇ ಹಾಕಬೇಕು. ಕೂಲಿಜ್ ಅವರ ಬದುಕು, ಮೌಲ್ಯಗಳ ಬಗ್ಗೆ ಓದಿ ಬರೆಯಬೇಕು. ಸಿಗುವುದು ಬೆರಳೆಣಿಕೆಯವರಿಗೆ. ಕೂಲಿಜ್ ಅಧ್ಯಕ್ಷರಾದ ರಾತ್ರಿಯನ್ನು ಓದಿ ನನಗೆ ನಮ್ಮ ಹಳ್ಳಿಮನೆಗಳು ಕಣ್ಣಮುಂದೆ ಬಂದವು. 1923ರ ಆಗಸ್ಟ್ 3ರ ಬೆಳಗಿನ ಜಾವ 2 ಗಂಟೆ 47 ನಿಮಿಷ. ಅಧ್ಯಕ್ಷ ಹಾರ್ಡಿಂಗ್ ತೀರಿಕೊಂಡ ಸುದ್ದಿ ವರ್ಮಾಂಟಿನ ಪ್ಲಿಮತ್ ನಾಚ್ ಎಂಬ ಹಳ್ಳಿಗೆ ಮುಟ್ಟಿತ್ತು. ಉಪಾಧ್ಯಕ್ಷ ಕೂಲಿಜ್ ಅಪ್ಪನ ಮನೆಯಲ್ಲಿದ್ದರು. ಸೀಮೆಎಣ್ಣೆ ದೀಪದ ಬೆಳಕಿನಲ್ಲಿ, ನೋಟರಿಯಾಗಿದ್ದ ಅಪ್ಪನೇ ಮಗನಿಗೆ ಸಂವಿಧಾನದಲ್ಲಿರುವ 35 ಪದಗಳ ಪ್ರತಿಜ್ಞೆ ಬೋಧಿಸಿದರು. ಅದು ಕಾನೂನುಬದ್ಧವೇ ಎಂಬ ಅನುಮಾನ ಬಂದು ವಾಷಿಂಗ್ಟನ್ನಿನಲ್ಲಿ ಒಬ್ಬ ನ್ಯಾಯಾಧೀಶರ ಎದುರು ಮತ್ತೊಮ್ಮೆ ಪ್ರತಿಜ್ಞೆ ತೆಗೆದುಕೊಂಡರು. ಅವರ ಎರಡು ಸಹಿಗಳನ್ನೂ ಒಟ್ಟಿಗೆ ಓದಬೇಕು. 1924ರ ಮೇ 26ರಂದು ಸಹಿಯಾದ ವಲಸೆ ಕಾನೂನು ಏಷ್ಯಾದವರಿಗೆ ಬಾಗಿಲು ಹಾಕಿತು. ಒಂದು ವಾರದಲ್ಲಿ, ಜೂನ್ 2ರಂದು ಸಹಿಯಾದ ಇನ್ನೊಂದು ಕಾನೂನು ಆ ನೆಲದ ಮೂಲನಿವಾಸಿಗಳೆಲ್ಲರಿಗೂ ಪೌರತ್ವ ಕೊಟ್ಟಿತು. ಅರ್ಜಿ ಬರೆಯುವ ಏಷ್ಯಾ ಮೂಲದ ಮಗು ಈ ಎರಡನ್ನೂ ತಿಳಿದೇ ಬರೆಯಬೇಕು ಎನ್ನುವುದು ನನ್ನ ಅಭಿಪ್ರಾಯ.

ಕಾಲೇಜಿನ ಮೂರನೇ ವರ್ಷದವರಿಗೆ ಟ್ರೂಮನ್ ವಿದ್ಯಾರ್ಥಿವೇತನ ಇದೆ. ಅಧ್ಯಕ್ಷರಾಗಿದ್ದ ಹ್ಯಾರಿ ಟ್ರೂಮನ್ ತೀರಿಕೊಂಡದ್ದು 1972ರಲ್ಲಿ. ಅವರ ನೆನಪಿಗೆ ಕಲ್ಲಿನ ಸ್ಮಾರಕದ ಬದಲು ಇದನ್ನು ಸ್ಥಾಪಿಸುವ ಕಾನೂನನ್ನು ಸಂಸತ್ತು 1975ರಲ್ಲಿ ಮಾಡಿತು. ಮುಂದಿನ ಓದಿಗೆ 30,000 ಡಾಲರ್ ವರೆಗೆ ಸಿಗುತ್ತದೆ, ಓದು ಮುಗಿದ ಮೇಲೆ ಸಾರ್ವಜನಿಕ ಸೇವೆಯಲ್ಲಿ ದುಡಿಯುವ ಕರಾರಿದೆ. ಇದನ್ನು ಪಡೆದವರಲ್ಲಿ ಈಗಿನ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ನೀಲ್ ಗೋರ್ಸಚ್ ಇದ್ದಾರೆ, ಜಾರ್ಜಿಯಾ ರಾಜ್ಯದ ಡೆಮಾಕ್ರಟಿಕ್ ಪಕ್ಷದ ನಾಯಕಿ ಸ್ಟೇಸಿ ಏಬ್ರಮ್ಸ್ ಇದ್ದಾರೆ. ಇಬ್ಬರ ರಾಜಕೀಯ ನಿಲುವು ಉತ್ತರ ದಕ್ಷಿಣ.

ಇನ್ನು ನಮ್ಮವರು ಗಮನಿಸಬೇಕಾದ ಮಾತು. ಲೀಜನ್ ಭಾಷಣ ಸ್ಪರ್ಧೆಗೂ ಕೂಲಿಜ್ ವಿದ್ಯಾರ್ಥಿವೇತನಕ್ಕೂ ಅಮೆರಿಕದ ಪೌರತ್ವ ಇರಬೇಕು, ಇಲ್ಲವೇ ಅಲ್ಲಿ ಕಾಯಂ ಆಗಿ ನೆಲೆಸಲು ಅಪ್ಪಣೆ ಕೊಡುವ ಗ್ರೀನ್ ಕಾರ್ಡ್ ಇರಬೇಕು. ಟ್ರೂಮನ್ನಿಗೆ ಗ್ರೀನ್ ಕಾರ್ಡೂ ಸಾಲದು. ಅಪ್ಪ ಅಮ್ಮನ ಎಚ್1ಬಿ ಎಂಬ ಕೆಲಸದ ವೀಸಾದ ಮೇಲೆ, ಅವಲಂಬಿತರಿಗೆ ಕೊಡುವ ಎಚ್4 ವೀಸಾದಲ್ಲಿ ಇರುವ ಮಕ್ಕಳು, ಮೂರನೇ ವಯಸ್ಸಿಗೇ ಅಲ್ಲಿಗೆ ಹೋಗಿ ಅಲ್ಲೇ ಬೆಳೆದಿದ್ದರೂ, ನಿಲ್ಲುವಂತಿಲ್ಲ. ರಾಲ್ಫ್ ಕಾರ್ ಬಗ್ಗೆ ಬರೆದ ಹುಡುಗನಿಗೆ ಆದದ್ದು ಅದೇ. ಅವನು ಮೊದಲು ತಯಾರಾದದ್ದು ಭಾಷಣಕ್ಕೆ. ಎರಡು ವಾರ ಅಭ್ಯಾಸ ಮಾಡಿದ ಮೇಲೆ ಅವನ ಅಮ್ಮ ಅರ್ಹತೆಯ ಸಾಲು ಓದಿದರು. ಅವತ್ತು ಅವನ ಮುಖ ನೋಡಲಾಗಲಿಲ್ಲ. ಕೆನಡಿ ಪ್ರಬಂಧಕ್ಕೆ ಅಲ್ಲಿನ ಹೈಸ್ಕೂಲಿನಲ್ಲಿ ಓದುತ್ತಿರುವುದೇ ಮುಖ್ಯ ಎಂದು ತಿಳಿದ ಮೇಲೆ ಪುನಃ ಪೆನ್ನು ಹಿಡಿದ. ನಿಯಮಗಳು ಆಗಾಗ ಬದಲಾಗುತ್ತವೆ, ಮಗುವಿಗೆ ಆಸೆ ಹುಟ್ಟಿಸುವ ಮೊದಲು ಆ ವರ್ಷದ ಅರ್ಹತೆಯ ಪುಟವನ್ನು ದೊಡ್ಡವರು ಓದಲೇಬೇಕು. ಗೆದ್ದ ಹಣವೂ ಹಲವು ಕಡೆ ನೇರ ಕಾಲೇಜಿಗೆ ಹೋಗುತ್ತದೆ, ಕೈಗೆ ಬರುವುದಿಲ್ಲ. ಕೆಲವು ಕಾಲೇಜುಗಳು ಹೊರಗಿನ ಹಣ ಬಂತೆಂದು ತಾವು ಕೊಡುವ ನೆರವನ್ನು ಅಷ್ಟಕ್ಕೆ ಕಡಿತ ಮಾಡುತ್ತವೆ. ಸೇರುವ ಮೊದಲೇ ಕೇಳಿಕೊಳ್ಳುವುದು ಒಳ್ಳೆಯದು.

ಒಂದು ಸಂಜೆ ಮೊಮ್ಮಗಳು 14ನೇ ತಿದ್ದುಪಡಿ ಓದುತ್ತಾ ಕೂತಿದ್ದಳು. 1868ರದ್ದು. ನ್ಯಾಯಯುತ ಕಾನೂನು ಕ್ರಮವಿಲ್ಲದೆ ಯಾವ ರಾಜ್ಯವೂ ಯಾರ ಜೀವ, ಸ್ವಾತಂತ್ರ್ಯ, ಆಸ್ತಿಯನ್ನೂ ಕಸಿಯುವಂತಿಲ್ಲ ಎನ್ನುವ ಮಾತು ಅದರಲ್ಲಿದೆ. ನಾನು ಕೇಳಿದೆ, "ಈ ಮಾತು ನಮ್ಮ ಸಂವಿಧಾನಕ್ಕೆ ಬರಬೇಕಿತ್ತು, ಬರಲಿಲ್ಲ. ಯಾಕೆ ಗೊತ್ತಾ?" ಅವಳು ಪುಸ್ತಕ ಮುಚ್ಚಿದಳು. ನಮ್ಮ ಮಂಗಳೂರಿನಲ್ಲಿ 1887ರಲ್ಲಿ ಹುಟ್ಟಿದ ಬೆನಗಲ್ ನರಸಿಂಗ ರಾವ್ ಸಂವಿಧಾನ ಸಭೆಯ ಸಲಹೆಗಾರರಾಗಿದ್ದರು. 1947ರ ಕೊನೆಯಲ್ಲಿ ಅವರು ಅಮೆರಿಕ, ಕೆನಡಾ, ಐರ್ಲೆಂಡ್, ಇಂಗ್ಲೆಂಡುಗಳಿಗೆ ಹೋಗಿ ಅಲ್ಲಿನ ತಿಳಿದವರ ಜೊತೆ ಮಾತಾಡಿದರು. ಅಮೆರಿಕದ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ಫೆಲಿಕ್ಸ್ ಫ್ರಾಂಕ್‌ಫರ್ಟರ್, ಈ ಮಾತು ಚುನಾಯಿತ ಸಂಸತ್ತಿನ ಕಾನೂನುಗಳನ್ನು ನ್ಯಾಯಾಧೀಶರು ಹೊಡೆದುಹಾಕಲು ವಿಪರೀತ ಅವಕಾಶ ಕೊಡುತ್ತದೆ, ನ್ಯಾಯಾಲಯದ ಮೇಲೂ ಹೊರೆಯಾಗುತ್ತದೆ ಎಂದು ಎಚ್ಚರಿಸಿದರು. ನಮ್ಮ 21ನೇ ವಿಧಿಯಲ್ಲಿ "ಕಾನೂನಿನ ಮೂಲಕ ಸ್ಥಾಪಿತವಾದ ಪ್ರಕ್ರಿಯೆ" ಎಂದು ಉಳಿಯಿತು. ಆ ಪ್ರಕ್ರಿಯೆ ನ್ಯಾಯವೂ ಸಮಂಜಸವೂ ಆಗಿರಬೇಕು ಎಂದು ನಮ್ಮ ಸುಪ್ರೀಂ ಕೋರ್ಟು ಹೇಳಿದ್ದು 1978ರ ಮನೇಕಾ ಗಾಂಧಿ ಮೊಕದ್ದಮೆಯಲ್ಲಿ. ಅಜ್ಜಿಯ ಊರಿನವರೊಬ್ಬರು ಅಮೆರಿಕದ ಜಡ್ಜಿನ ಎದುರು ಕೂತು ಇದೇ ಪದಗಳ ಬಗ್ಗೆ ಮಾತಾಡಿದ್ದರು ಎನ್ನುವುದನ್ನು ಅವಳು ಅರಗಿಸಿಕೊಳ್ಳಲು ಸ್ವಲ್ಪ ಹೊತ್ತು ಹಿಡಿಯಿತು. ಆಮೇಲೆ ತನ್ನ ಟಿಪ್ಪಣಿಯಲ್ಲಿ ಆ ಹೆಸರು ಬರೆದುಕೊಂಡಳು.

ಆ ವರ್ಷ ಅವಳು ಜಿಲ್ಲೆಯವರೆಗೆ ಹೋಗಿ ಎರಡನೆಯವಳಾದಳು. ಮುಂದಿನ ವರ್ಷವೂ ನಿಲ್ಲಬಹುದು. ನಾನು ಊರಿಗೆ ಬಂದಿದ್ದೇನೆ. ಹೊಸ ವಿಷಯಗಳು ಬಂದ ದಿನ ಅವಳು ಫೋನ್ ಮಾಡಿ ಓದಿ ಹೇಳಿದಳು. ನಾನು ಹಳೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ ಒಂದೊಂದನ್ನೇ ಬರೆದು, ಕತ್ತರಿಸಿ, ಮಡಚಿ, ಒಂದು ಸ್ಟೀಲ್ ಡಬ್ಬಿಗೆ ಹಾಕಿಟ್ಟಿದ್ದೇನೆ. ಪ್ರತಿ ಭಾನುವಾರ ಬೆಳಿಗ್ಗೆ, ಅವಳಿಗೆ ಶನಿವಾರ ರಾತ್ರಿ, ವಿಡಿಯೋ ಕಾಲ್ ಬರುತ್ತದೆ. "ಅಜ್ಜಿ, ಎತ್ತಿ" ಎನ್ನುತ್ತಾಳೆ. ನಾನು ಕಣ್ಣು ಮುಚ್ಚಿ ಒಂದು ಚೀಟಿ ಎತ್ತಿ ಬಿಡಿಸಿ ಕ್ಯಾಮೆರಾಗೆ ಹಿಡಿಯುತ್ತೇನೆ. ಅವಳು ಓದುತ್ತಾಳೆ, ತಲೆ ಬಗ್ಗಿಸುತ್ತಾಳೆ. ನಾನು ಗೋಡೆಯ ಗಡಿಯಾರ ನೋಡುತ್ತಾ ಕೂರುತ್ತೇನೆ. ಐದು ನಿಮಿಷ ಇಬ್ಬರೂ ಮಾತಾಡುವುದಿಲ್ಲ.